ಗೋಫರ್ ಅಂತ ಬರೆದುಬಿಟ್ಟಿದ್ದೆ

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ, ಕಡಲಿಗಿಳಿದು ಮೀನು ಎಣಿಸುವ ಸರ್ವೇ ಸೀಸನ್ ಶುರುವಾಗುವ ಮುಂಚೆ ನಮಗೆ ಒಂದು ಪರೀಕ್ಷೆ ಇರುತ್ತದೆ. ಒಂದೇ ಟ್ರಾನ್ಸೆಕ್ಟ್ (ಟೇಪ್ ಹಾಸಿ ಮೀನು ಎಣಿಸುವ ಪಟ್ಟಿ), ಇಬ್ಬರು ಡೈವರ್, ನೀರಿನಲ್ಲಿ ಬರೆಯುವ ಎರಡು ಸ್ಲೇಟ್. ಟೇಪ್ 30 ಮೀಟರ್, ಅಗಲ ಎತ್ತರ ಎರಡೂ 2 ಮೀಟರ್. ಬೋಟಿಗೆ ಬಂದಮೇಲೆ ಇಬ್ಬರ ಲೆಕ್ಕ ತಾಳೆಯಾಗಬೇಕು.

ಕೆಲ್ಪ್ ಅನ್ನುವ ದೊಡ್ಡ ಕಡಲಕಳೆಯ ನಡುವೆ ಈಜಾಡುವ ಮೀನುಗಳದ್ದು ತೊಂದರೆಯಿಲ್ಲ. ಕಾಟ ಕೊಡುವುದು ತಳದವು. ಕ್ಯಾಬೆಜಾನ್ ಮೀನು ಕಲ್ಲಿಗೆ ಒತ್ತಿಕೊಂಡು ಕೂತರೆ ಅದೂ ಕಲ್ಲೇ. ಮೈಮೇಲೆ ಹುರುಪೆ ಇಲ್ಲ, ಮೂಗಿನ ಮೇಲೆ ಚರ್ಮದ ಪುಟ್ಟ ಜುಟ್ಟು. ಜುಟ್ಟು ಕಂಡರೆ ಕಣ್ಣುಮುಚ್ಚಿ ಬರೆಯಬಹುದು. ಕೆಲ್ಪ್ ಗ್ರೀನ್‌ಲಿಂಗ್ ಮೀನಿನಲ್ಲಿ ಗಂಡಿಗೆ ನೀಲಿ ಮಚ್ಚೆ, ಹೆಣ್ಣಿಗೆ ಕಿತ್ತಳೆ ಚುಕ್ಕೆ. ಹೊಸಬರು ಎರಡು ಜಾತಿ ಅಂತ ಬರೆದುಕೊಂಡು ಬರುತ್ತಾರೆ.

ಆವತ್ತು ಜೊತೆಗಿದ್ದವಳೂ ಹೊಸಬಳೇ. 12 ಮೀಟರ್ ಆಳದಲ್ಲಿ, ಬಂಡೆಯ ಬಿರುಕಿನೊಳಗೆ ಒಂದು ರಾಕ್‌ಫಿಶ್. ಕಪ್ಪು ಮೈ, ಮಸುಕು ಪಟ್ಟೆ. ಗೋಫರ್ ಜಾತಿ ಇರಬೇಕು, ಇಲ್ಲಾ ಬ್ಲ್ಯಾಕ್ ಅಂಡ್ ಯೆಲ್ಲೋ ಜಾತಿ. ಎರಡರ ಮೈಕಟ್ಟೂ ಒಂದೇ. ಗೋಫರ್‌ನ ಪಟ್ಟೆ ಗುಲಾಬಿ ಬಿಳಿ, ಇನ್ನೊಂದರದ್ದು ಹಳದಿ. ಆದರೆ ಆ ಹಸಿರು ನೀರಿನಲ್ಲಿ, ಬಿರುಕಿನ ನೆರಳಲ್ಲಿ ಎಲ್ಲವೂ ಬೂದಿ ಬಣ್ಣ. ಬ್ಲ್ಯಾಕ್ ಅಂಡ್ ಯೆಲ್ಲೋ ಸಾಮಾನ್ಯವಾಗಿ ಇನ್ನೂ ಮೇಲೆ ಇರುತ್ತದೆ ಅಲ್ವಾ ಅಂದುಕೊಂಡು ಗೋಫರ್ ಅಂತ ಗೀಚಿ ಮುಂದೆ ಹೊರಟೆ.

ಅವಳು ನನ್ನ ಫಿನ್ ಹಿಡಿದು ಎಳೆದಳು. ತಲೆ ಅಡ್ಡ ಆಡಿಸಿದಳು. ನಾನೂ ಅಡ್ಡ ಆಡಿಸಿದೆ. ಅಲೆಯ ಸರ್ಜ್ ಇಬ್ಬರನ್ನೂ ಹಿಂದೆ ಮುಂದೆ ತೂಗುತ್ತಿತ್ತು, ನನ್ನ ಗಾಳಿಯ ಗೇಜ್ ಬೇಗ ಬೇಗ ಇಳಿಯುತ್ತಿತ್ತು. ಇವಳಿಗೆ ಈಗಲೇ ವಾದ ಬೇಕಾ ಅಂತ ಸಿಟ್ಟು ಬಂತು. ಅವಳು ಸುಮ್ನೆ ಟಾರ್ಚ್ ತೆಗೆದು ಬಿರುಕಿಗೆ ಹಿಡಿದಳು. ಅರಿಶಿನದಂಥ ಹಳದಿ! ಬೆನ್ನಿನ ಮುಳ್ಳು ಎತ್ತಿಕೊಂಡು ಅದು ನನ್ನನ್ನೇ ನೋಡುತ್ತಿತ್ತು. ನನ್ನ ಟಾರ್ಚ್ ಬೋಟಿನಲ್ಲಿತ್ತು. ಭಾರ ಜಾಸ್ತಿ ಅಂತ ನಾನೇ ಬಿಟ್ಟುಬಂದಿದ್ದೆ.

ಆಳ ನೋಡಿ ಜಾತಿ ಬರೆಯುವುದು ನಮ್ಮಲ್ಲಿ ಹಳಬರಿಗೇ ಇರುವ ಚಟ. ಯಾವ ಜಾತಿ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕುವುದಕ್ಕೇ ಈ ಸರ್ವೇ. ಉತ್ತರವನ್ನು ಮೊದಲೇ ಬರೆದುಕೊಂಡು ನೀರಿಗೆ ಇಳಿದರೆ ಏನು ಬಂತು?

ಮರಿಗಳದ್ದು ಇನ್ನೂ ಕಷ್ಟ. ಈ ಎರಡು ಜಾತಿಯ ಪುಟ್ಟ ಮರಿಗಳನ್ನು ಟಾರ್ಚ್ ಹಾಕಿದರೂ ನೀರಿನಲ್ಲಿ ಬೇರೆ ಮಾಡಲು ಆಗಲ್ಲ. ನಮ್ಮ ಆಫೀಸಿನ ಎಂಟ್ರಿ ಫಾರ್ಮ್‌ನಲ್ಲಿ ಮಾತ್ರ 'ಎರಡರಲ್ಲೊಂದು' ಅನ್ನುವ ಆಯ್ಕೆ ಇಲ್ಲ. ಸೇರಿಸಿ ಅಂತ ಕೇಳಿದ್ದಕ್ಕೆ ಸದ್ಯಕ್ಕೆ ರಿಮಾರ್ಕ್ಸ್‌ನಲ್ಲಿ ಬರೆಯಿರಿ ಅಂದರು. ಆ ಕಾಲಂ ಅನಾಲಿಸಿಸ್‌ವರೆಗೆ ಹೋಗುವುದೇ ಇಲ್ಲ.