ಅಪ್ಪ ಗೋಡೆಗೆ ಒರಗಿ ಕೂತ ರಾತ್ರಿ

ಅಪ್ಪನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾಗಿ 3 ವರ್ಷ. ಮಂಗಳವಾರ, ಗುರುವಾರ, ಶನಿವಾರ. ಆ ಭಾನುವಾರ ನೆಂಟರ ಮನೆಯಲ್ಲಿ ಗೃಹಪ್ರವೇಶ. ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ, ಬಿಸಿಲಿಗೆ ಮೇಲಿಂದ ಮೇಲೆ ನೀರು. ಉಪ್ಪು, ನೀರು ಮಿತಿಯಲ್ಲಿರಬೇಕಿತ್ತು, ಆದರೂ ಒಂದು ದಿನ ತಾನೇ ಅಂತ ನಾವೂ ಸುಮ್ನಿದ್ದೆವು.

ಸೋಮವಾರ ರಾತ್ರಿ 2 ಗಂಟೆಗೆ ಎಚ್ಚರವಾಗಿ ನೋಡಿದರೆ ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಾರೆ. "ಮಲಗಿದ್ರೆ ಉಸಿರು ಕಟ್ಟುತ್ತೆ ಕಣಮ್ಮ, ಗ್ಯಾಸ್ ಇರ್ಬೇಕು" ಅಂದರು. ಅಮ್ಮ ಓಂಕಾಳಿನ ಕಷಾಯ ಕಾಯಿಸಿ ತಂದರು. ಮೈಯಲ್ಲಿ ನೀರು ತುಂಬಿ ಒದ್ದಾಡ್ತಿದ್ದವರಿಗೆ ಇನ್ನೊಂದು ಲೋಟ ನೀರು ಕುಡಿಸಿದೆವು! ನಾನು ಕಾಲು ಒತ್ತುತ್ತಿದ್ದೆ. ಕಣಕಾಲಿನ ಹತ್ತಿರ ಹೆಬ್ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದಿತ್ತು. ಎದೆನೋವು ಇರಲಿಲ್ಲ, ಬೆವರೂ ಇರಲಿಲ್ಲ, ಹಾಗಾಗಿ ಇದು ಹಾರ್ಟ್‌ಗೆ ಸಂಬಂಧಪಟ್ಟಿದ್ದು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ಬೆಳಗಿನ ಜಾವ ಆಸ್ಪತ್ರೆಗೆ ಓಡಿದೆವು. ಡ್ರೈ ವೇಟ್, ಅಂದ್ರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ, 57 ಕೆಜಿ ಇದ್ದವರು 61 ತೂಗಿದರು. ಶ್ವಾಸಕೋಶಕ್ಕೆ ನೀರು ಬಂದಿತ್ತು. ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಗೊತ್ತಾಯಿತು, ಹೃದಯದ ಎಡಭಾಗದ ಗೋಡೆ ದಪ್ಪ ಆಗಿದೆ.

ಡಾಕ್ಟರ್ ಕೂರಿಸಿಕೊಂಡು ಹೇಳಿದರು. ವರ್ಷಗಟ್ಟಲೆ ಬಿಪಿ, ಹೆಚ್ಚಾದ ನೀರು, ಕಡಿಮೆ ಹಿಮೋಗ್ಲೋಬಿನ್, ಎಲ್ಲದರ ಭಾರ ಹೃದಯದ ಮೇಲೇ. ಕಿಡ್ನಿಗೆ ಫಾಸ್ಫರಸ್ ಹೊರಹಾಕಲು ಆಗದಿದ್ದರೆ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ, ನಾಳ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸೋ ಹಂಡೆಯೊಳಗೆ ಬಿಳಿ ಗಾರೆ ಕಟ್ಟುತ್ತಲ್ವಾ, ನನಗೆ ಅದೇ ಕಣ್ಣ ಮುಂದೆ ಬಂತು. ಡಯಾಲಿಸಿಸ್‌ನಲ್ಲಿ ಇರುವವರ ಸಾವಿಗೆ ದೊಡ್ಡ ಕಾರಣ ಹೃದಯದ ತೊಂದರೆಯಂತೆ. ಅದರಲ್ಲೂ ಎರಡು ದಿನ ಡಯಾಲಿಸಿಸ್ ಇಲ್ಲದ ಆ ಗ್ಯಾಪ್, ನಮ್ಮ ಭಾನುವಾರ, ಸೋಮವಾರ, ಅಪಾಯ ಜಾಸ್ತಿ ಇರುವ ಹೊತ್ತು. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಏರಿ ಹೃದಯದ ಬಡಿತವೇ ತಪ್ಪಬಹುದು.

ಇಷ್ಟು ದಿನ ನಾವು ನೋಡಿದ್ದು ಕಿಡ್ನಿಯ ಸ್ಥಿತಿ ಹೇಳೋ ರಕ್ತಪರೀಕ್ಷೆ, ಕ್ರಿಯಾಟಿನಿನ್, ಅದೊಂದನ್ನೇ. 3 ವರ್ಷದಲ್ಲಿ ಯಾರೂ ಒಂದು ಎಕೋ ಮಾಡಿಸಿ ಅನ್ನಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ಡಯಾಲಿಸಿಸ್‌ವರೆಗೂ ಕಾಯಬೇಕಾಗಿಲ್ಲ, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗೋಕೆ ಶುರುವಾದಾಗಲೇ ಹೃದಯದ ಕಡೆ ಗಮನ ಕೊಡಬೇಕಿತ್ತು.

ಆ ದಿನ 3 ಲೀಟರ್ ತೆಗೆದರು, ಮರುದಿನ ಮತ್ತೆ ಒಂದು. ಬುಧವಾರ ರಾತ್ರಿ 2 ಗಂಟೆಗೆ ಎದ್ದು ಹೋಗಿ ನೋಡಿದೆ. ಒಂದೇ ದಿಂಬು. ಅಪ್ಪ ಅಂಗಾತ ಮಲಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ರಕ್ತನಾಳ ಜೋಡಿಸಿದ ಜಾಗ, ಇರೋ ಕೈ ಮೇಲೆ ಮೆಲ್ಲಗೆ ಬೆರಳಿಟ್ಟೆ. ರಕ್ತ ಹರಿದು ಜುಮ್ ಅಂತಿತ್ತು.