ಈ ‘ಈ’ ಅನ್ನೋ ಅಕ್ಷರ

ಮೊನ್ನೆ ಊರಿಂದ ಅಜ್ಜಿ ಫೋನ್ ಮಾಡಿ "ಈ ಹಸು ಈದಿದೆ ಕಣೋ" ಅಂದ್ರು, ಪಕ್ಕದಲ್ಲಿದ್ದ ಮಗಳು "ಈ ಈ ಅಂತಿದ್ದಾರಲ್ಲ, ಏನಪ್ಪಾ ಅದು" ಅಂತ ನಗೋಕೆ ಶುರು ಮಾಡಿದ್ಲು. ಪಾಪ ಅವಳಿಗೇನು ಗೊತ್ತು, ಸಿಟೀಲಿ ಹಸು ಈಯೋದೆಲ್ಲಿ, ಇಲ್ಲಿ ಎಲ್ಲಾ "ಕರು ಹಾಕ್ತು" ಅಂತಾರೆ.

ವರ್ಣಮಾಲೇಲಿ ನಾಲ್ಕನೇ ಅಕ್ಷರ, ಒಂದೇ ಒಂದು ದೀರ್ಘ ಸ್ವರ, ಆದ್ರೆ ಅದೇ ಒಂದು ಪೂರ್ತಿ ಪದ. ಹತ್ತಿರದ್ದನ್ನ ತೋರಿಸೋಕೆ ಈ, ಹಸು ಎಮ್ಮೆ ಹೆತ್ರೆ ಈ, ಹಳಗನ್ನಡದಲ್ಲಿ ಕೊಡು ಅನ್ನೋಕೂ ಈ. ಈವ ಅಂದ್ರೆ ಕೊಡೋನು, ದಾನಿ. ಕೊಡೋದಕ್ಕೂ ಹೆರೋದಕ್ಕೂ ಒಂದೇ ಅಕ್ಷರ ಅನ್ನೋದು ನಂಗೆ ಯಾಕೋ ತುಂಬಾ ಇಷ್ಟ.

ಇನ್ನು ಸುಮ್ನೆ ಹಲ್ಲು ಕಿಸಿದ್ರೂ "ಈ ಅಂತ ನಗ್ತಾನೆ ನೋಡು" ಅಂತ ಬೈಸ್ಕೋಬೇಕು.

ಆರ್‌ಸಿಬಿ ಫ್ಯಾನ್ಸ್‌ನ ಕೇಳಿ ಈ ಅಕ್ಷರದ ಭಾರ ಎಷ್ಟು ಅಂತ. "ಈ ಸಲ ಕಪ್ ನಮ್ದೇ" ಅಂತ ಪ್ರತಿ ವರ್ಷ ಕೂಗಿ ಕೂಗಿ, 2008ರಲ್ಲಿ ಶುರುವಾದ ಐಪಿಎಲ್‌ನ ಕಪ್ಪು ಸಿಕ್ಕಿದ್ದು 2025ರಲ್ಲಿ, ಅಲ್ಲೀವರೆಗೂ ಆ ‘ಈ’ ಮುಂದಿನ ವರ್ಷಕ್ಕೆ ಜಾರ್ತಾನೇ ಇತ್ತು.

ಅಂದ ಹಾಗೆ ಅಜ್ಜಿ ಮನೇಲಿ ಹೆಣ್ಣು ಕರು, ಗಿಣ್ಣು ತಿನ್ನೋಕೆ ಈ ಭಾನುವಾರ ಹೋಗ್ತಿದ್ದೀವಿ.