ಬೇಸಿಗೆಯ ಗ್ಲಾಸಿಗೆ ಸ್ಪೇನಿನ ಹಗುರ ವೈನ್‌ಗಳು

ಜುಲೈ ಬಂತೆಂದರೆ ಬಾರ್ಸಿಲೋನಾದಲ್ಲಿ ಸೂರ್ಯ ಮುಳುಗಿದ ಮೇಲೂ ಧಗೆ ಇಳಿಯುವುದಿಲ್ಲ. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ, ಶೇಕಡಾ 14ರಷ್ಟು ಆಲ್ಕೋಹಾಲ್ ಇರುವ ರಿಯೋಹಾದ ಗಟ್ಟಿ ಕೆಂಪು ವೈನ್ ಆ ಹೊತ್ತಿನಲ್ಲಿ ನಾಲಗೆಗೂ ಭಾರ, ತಲೆಗೂ ಭಾರ. ಇಲ್ಲಿ ನೆಲೆಸಿದ ಮೇಲೆ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ತಲೆಮಾರುಗಳಿಂದ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾ ಬಂದಿರುವ ಈ ಜನ ಬೇಸಿಗೆಯಲ್ಲಿ ಅದರ ವಿಷಯವಾಗಿ ಯಾವ ಮಡಿ-ಮೈಲಿಗೆಯನ್ನೂ ಇಟ್ಟುಕೊಳ್ಳುವುದಿಲ್ಲ. ಕೆಂಪು ವೈನನ್ನು ಫ್ರಿಜ್ಜಿನಲ್ಲಿಡುತ್ತಾರೆ, ಗ್ಲಾಸಿಗೆ ಐಸ್ ತುಂಬುತ್ತಾರೆ, ಸೋಡಾ ಸುರಿಯುತ್ತಾರೆ. ಆದರೆ ಯಾವುದಕ್ಕೆ ಸೋಡಾ ಬೆರೆಸಬೇಕು, ಯಾವುದನ್ನು ಇದ್ದ ಹಾಗೆಯೇ ಕುಡಿಯಬೇಕು ಎಂಬ ವಿವೇಚನೆ ಮಾತ್ರ ಅವರಿಗೆ ಚೆನ್ನಾಗಿಯೇ ಇದೆ.

ಇದ್ದ ಹಾಗೆಯೇ ಕುಡಿಯಬೇಕಾದವುಗಳಲ್ಲಿ ಮೊದಲನೆಯವು ನ್ಯಾಚುರಲ್ ವೈನ್‌ಗಳು. ದ್ರಾಕ್ಷಿಯ ಸಿಪ್ಪೆಯ ಮೇಲೂ ವೈನ್ ಮನೆಯಲ್ಲೂ ತಾನಾಗಿಯೇ ಇರುವ ಯೀಸ್ಟಿನಿಂದ ಹುದುಗುವ, ಕೆಡದಂತೆ ಹಾಕುವ ಸಲ್ಫೈಟನ್ನು ಸೇರಿಸದ ಅಥವಾ ತೀರಾ ಕಡಿಮೆ ಸೇರಿಸಿದ, ಸಾಮಾನ್ಯವಾಗಿ ಸೋಸದ ವೈನ್‌ಗಳಿವು. ಮರದಿಂದಿಳಿಸಿದ ಕಳ್ಳು ಯಾರೂ ಏನೂ ಹಾಕದೆ ತನ್ನಷ್ಟಕ್ಕೆ ಹುಳಿಯಾಗುವುದನ್ನು ಬಲ್ಲವರಿಗೆ ಇದರಲ್ಲಿ ವಿಸ್ಮಯವೇನೂ ಕಾಣಲಾರದು. ಸ್ಪೇನಿನಲ್ಲಿ ಈ ಹೆಸರಿಗೆ ಕಾನೂನಿನ ವ್ಯಾಖ್ಯಾನವಿಲ್ಲದ ಕಾರಣ ಲೇಬಲ್ಲನ್ನು ನೋಡಿ ಎಲ್ಲವನ್ನೂ ತಿಳಿಯಲಾಗದು. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಸಲ್ಫೈಟ್ ಇದೆಯೆಂದು ಲೇಬಲ್ಲಿನಲ್ಲಿ ನಮೂದಿಸಬೇಕೆಂಬ ಐರೋಪ್ಯ ಒಕ್ಕೂಟದ ನಿಯಮವಿದ್ದರೂ, ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟನ್ನು ಉಂಟುಮಾಡುವುದರಿಂದ, ಹೊರಗಿನಿಂದ ಏನನ್ನೂ ಹಾಕದ ಬಾಟಲಿಯ ಮೇಲೂ ಆ ಸಾಲು ಇರಬಹುದು. ತಾವು ಮಾರುವುದನ್ನು ತಾವೂ ಕುಡಿಯುವ ಅಂಗಡಿಯವರನ್ನು ಕೇಳಿ ಕೊಳ್ಳುವುದೇ ಮೇಲು.

ಬಾರ್ಸಿಲೋನಾದ ಪಕ್ಕದ ಪೆನೆದೆಸ್ ಸೀಮೆಯಲ್ಲಿ ಶರೆಲ್ಲೋ, ಮಕಬೆವು, ಪರೆಯಾದಾ ಎಂಬ ಮೂರು ಬಿಳಿ ದ್ರಾಕ್ಷಿಗಳು ಬೆಳೆಯುತ್ತವೆ. ನೊರೆಯುಕ್ಕುವ ಕಾವಾ ವೈನಿಗೆ ಮೂಲವಾದ ಇದೇ ದ್ರಾಕ್ಷಿಗಳಿಂದ ಇಲ್ಲಿನ ಸಣ್ಣ ತಯಾರಕರು ಅನ್ಸೆಸ್ಟ್ರಲ್ ಎಂಬ ಹಳೆಯ ವಿಧಾನದ ವೈನನ್ನೂ ಮಾಡುತ್ತಾರೆ. ಕಾವಾದಲ್ಲಿ ಹುದುಗಿ ಮುಗಿದ ವೈನಿಗೆ ಮತ್ತೆ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಯೊಳಗೆ ಎರಡನೆಯ ಬಾರಿ ಹುದುಗಿಸಿದರೆ, ಅನ್ಸೆಸ್ಟ್ರಲ್‌ನಲ್ಲಿ ಹುದುಗುವಿಕೆ ಇನ್ನೂ ನಡೆಯುತ್ತಿರುವಾಗಲೇ ರಸವನ್ನು ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಉಳಿದ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುವಾಗ ಹುಟ್ಟುವ ಅನಿಲ ಒಳಗೇ ಉಳಿಯುತ್ತದೆ. ಒತ್ತಡ ಸಾಮಾನ್ಯವಾಗಿ ಕಾವಾಗಿಂತ ಕಡಿಮೆ; ಹೆಚ್ಚಾಗಿ ಬಿಯರ್ ಬಾಟಲಿಯಂಥ ತಗಡಿನ ಮುಚ್ಚಳ; ತಳದಲ್ಲಿ ಗಷ್ಟು. ಇಂಥ ಬಾಟಲಿಯನ್ನು ಅಡ್ಡಡ್ಡ ಮಲಗಿಸದೆ ಒಂದು ರಾತ್ರಿಯಾದರೂ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ತೆರೆಯುವಾಗ ಸಿಂಕಿನ ಮೇಲೆ ಹಿಡಿದು, ಮುಚ್ಚಳದ ಒಂದು ಅಂಚನ್ನು ಮಾತ್ರ ಕೂದಲೆಳೆಯಷ್ಟು ಎಬ್ಬಿಸಿ, ನೊರೆ ಕತ್ತಿನವರೆಗೆ ಏರಿದೊಡನೆ ಮತ್ತೆ ಒತ್ತಿಹಿಡಿದು, ಹೀಗೆ ಎರಡು ಮೂರು ಬಾರಿ ಅನಿಲವನ್ನು ಬಿಟ್ಟರೆ ಅರ್ಧ ಬಾಟಲಿ ಗೋಡೆಯ ಪಾಲಾಗುವುದು ತಪ್ಪುತ್ತದೆ. ಶರೆಲ್ಲೋದ ಹುಳಿ ಬಿಸಿಲಿನಲ್ಲೂ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ, ಆ ಒಗರು ಬೆರೆತ ತಾಜಾತನ ಹುರಿದ ಮೀನಿನ ಜೊತೆಗೆ ಬಹಳ ಸೊಗಸು.

ಕೆಂಪಿನಲ್ಲಿ ನನ್ನ ಆಯ್ಕೆ ಕೋಂಕಾ ದೆ ಬರ್ಬೆರಾ ಸೀಮೆಯ ತ್ರೆಪಾತ್ ಎಂಬ ದ್ರಾಕ್ಷಿಯ ವೈನ್. ತಿಳಿಯಾದ ಬಣ್ಣ, ಮೆಣಸಿನ ಸಣ್ಣ ಘಾಟು, ಸಾಧಾರಣವಾಗಿ ಶೇಕಡಾ 12ರ ಆಸುಪಾಸಿನ ಆಲ್ಕೋಹಾಲ್. ಇಂಥ ವೈನನ್ನು 12 ರಿಂದ 14 ಡಿಗ್ರಿಗೆ ತಂಪು ಮಾಡಿ ಕೊಟ್ಟರೆ, ಕೆಂಪು ವೈನನ್ನು ತಣ್ಣಗೆ ಕುಡಿಯಬಾರದೆಂದು ಎಲ್ಲೋ ಓದಿ ಬಂದ ಅತಿಥಿಗಳೂ ಎರಡನೆಯ ಗ್ಲಾಸನ್ನು ತಾವಾಗಿಯೇ ಮುಂದೆ ಚಾಚುತ್ತಾರೆ.

ಸಲ್ಫೈಟ್ ಇಲ್ಲದ ವೈನಿನ ಭಕ್ತರು ಒಪ್ಪಿಕೊಳ್ಳಲು ಹಿಂಜರಿಯುವ ಒಂದು ದೋಷವೂ ಇದೆ. ಇಲ್ಲಿನವರು ಇಲಿಯ ರುಚಿ ಎನ್ನುವ ಈ ದೋಷ ಮೂಗಿಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ; ವೈನಿನ ಆಮ್ಲೀಯತೆಯಲ್ಲಿ ಅಡಗಿದ್ದು, ನುಂಗಿದ ಮೇಲೆ ಜೊಲ್ಲಿನೊಡನೆ ಬೆರೆತಾಗ ಹಳಸಿದ ಧಾನ್ಯದಂತೆ, ಇಲಿಯ ಬೋನಿನಂತೆ ಹೊರಬರುತ್ತದೆ. ಬಾರಿನವರು ಸುರಿದ ಮೊದಲ ಗುಟುಕನ್ನು ನುಂಗಿ ಹತ್ತಿಪ್ಪತ್ತು ಸೆಕೆಂಡು ಸುಮ್ಮನಿದ್ದು ಆಮೇಲೆ ತಲೆಯಾಡಿಸುವ ಅಭ್ಯಾಸ ಒಳ್ಳೆಯದು. ಆ ರುಚಿ ಬಂದರೆ ಅದನ್ನು ಸಹಜತೆಯ ಲಕ್ಷಣವೆಂದು ಸಮರ್ಥಿಸುವವರ ಮಾತಿಗೆ ಮರುಳಾಗಬೇಕಿಲ್ಲ. ಬಿಸಿಯಲ್ಲಿ ಇಂಥ ಬಾಟಲಿಗಳು ಬೇಗ ಕೆಡುವುದರಿಂದ ಅವನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಸಮುದ್ರಕ್ಕೆ ಇಳಿಯುವುದಂತೂ ಬೇಡವೇ ಬೇಡ.

ಸೋಡಾ ಬೆರೆಸುವುದಕ್ಕೆ ಇಷ್ಟು ಜೋಪಾನದ ವೈನ್ ಬೇಕಿಲ್ಲ. ಪೀಪಾಯಿಯಲ್ಲಿ ಮಾಗದ, ಎಳೆಯ, ಅಗ್ಗದ ಕೆಂಪು ವೈನ್ ತಿಂತೋ ದೆ ವೆರಾನೋ ಎಂಬ ಬೇಸಿಗೆಯ ಪಾನೀಯಕ್ಕೆ ಧಾರಾಳವಾಗಿ ಸಾಕು. ಎತ್ತರದ ಗ್ಲಾಸಿಗೆ ಅಂಚಿನವರೆಗೆ ಐಸ್, ಅರ್ಧ ವೈನ್, ಅರ್ಧ ಗಸೆಯೋಸಾ ಎಂಬ ಅಲ್ಪ ಸಿಹಿಯ ಸೋಡಾ, ಒಂದು ಬಿಲ್ಲೆ ನಿಂಬೆ, ಅಷ್ಟೇ. ದಕ್ಷಿಣದ ಆಂಡಲೂಸಿಯಾದ ಬಾರುಗಳಲ್ಲಿ ಸೋಡಾ ಬಿಳಿಯದ್ದೋ (ಅಂದರೆ ಗಸೆಯೋಸಾ) ನಿಂಬೆಯದ್ದೋ ಎಂದು ಕೇಳುತ್ತಾರೆ, ನಿಂಬೆಯ ಸೋಡಾ ತೀರಾ ಸಿಹಿಯಾದ್ದರಿಂದ ನಾನು ಬಿಳಿಯದ್ದನ್ನೇ ಹೇಳುತ್ತೇನೆ. ಪ್ರವಾಸಿಗರು ಹಣ್ಣು ಬೆರೆಸಿದ ವೈನ್ ಪಾನೀಯವಾದ ಸಾಂಗ್ರಿಯಾದ ದೊಡ್ಡ ಜಗ್ಗಿಗೆ ಹಣ ತೆರುತ್ತಿರುವಾಗ ಪಕ್ಕದ ಮೇಜಿನ ಸ್ಥಳೀಯರು ಕುಡಿಯುತ್ತಿರುವುದು ಸಾಮಾನ್ಯವಾಗಿ ಇದನ್ನೇ. ಕೆಂಪು ವೈನಿಗೆ ಕೋಲಾ ಬೆರೆಸುವ ಬಾಸ್ಕ್ ಸೀಮೆಯ ಕಲಿಮೋಚೋ ಹುಡುಗರ ಪಾನೀಯ. ಅದನ್ನು ಅವರಿಗೇ ಬಿಡೋಣ.

ಸೆವಿಯಾದ ವಸಂತದ ಜಾತ್ರೆಯಲ್ಲಿ ಜಗ್ಗುಗಟ್ಟಲೆ ಹರಿಯುವ ರೆಬುಹೀತೋ ಇವೆಲ್ಲಕ್ಕಿಂತ ಜಾಣತನದ ಬೆರಕೆ. ಸಮುದ್ರದಂಚಿನ ಸಾನ್‌ಲೂಕರ್ ದೆ ಬರ್ರಾಮೆದಾದಲ್ಲಿ, ಪೀಪಾಯಿಯೊಳಗೆ ಯೀಸ್ಟಿನ ಕೆನೆಯ ಕೆಳಗೆ ಮಾಗುವ ಮಾನ್ಸಾನಿಯಾ ಎಂಬ ಸಿಹಿಯಿಲ್ಲದ ಶೆರಿ ವೈನ್ ಒಂದು ಪಾಲು, ನಿಂಬೆ ರುಚಿಯ ಸೋಡಾ ಎರಡು ಪಾಲು, ಬೇಕಷ್ಟು ಐಸ್, ಪುದೀನ. ಮಾನ್ಸಾನಿಯಾದ ಉಪ್ಪುಪ್ಪು ಒಗರು ಸೋಡಾದ ಸಿಹಿಯನ್ನು ಹತೋಟಿಯಲ್ಲಿಡುವುದರಿಂದ ಕುಡಿದದ್ದು ಶರಬತ್ತೋ ವೈನೋ ಎಂಬುದೇ ಮರೆತುಹೋಗುತ್ತದೆ. ಆ ಮರೆವೇ ಅಪಾಯ: ಶೆರಿಯಲ್ಲಿ ಶೇಕಡಾ 15ರಷ್ಟು ಆಲ್ಕೋಹಾಲಿರುತ್ತದೆ, ಬೆರೆಸಿದ ಮೇಲೂ ಗ್ಲಾಸಿನಲ್ಲಿ ಬಿಯರಿನಷ್ಟು ಬಲ ಉಳಿದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ರೆಬುಹೀತೋದ ಜಗ್ಗು ಮೇಜಿಗೆ ಬರುವುದು ಉಪ್ಪು ಹಚ್ಚಿದ ಬಾದಾಮಿ, ಆಲಿವ್ ಮತ್ತು ನೀರಿನ ಹೂಜಿ ಬಂದ ಮೇಲೆಯೇ.